ಗಿರಣಿಯ ಸಾಲಿನಲ್ಲಿ ಕೇಳಿದ್ದು



ಈ ಭಾಷಣ ಮಾಡುತ್ತೀರಾ ಎಂದು ಆಕಾಶವಾಣಿಯಿಂದ ಫೋನು ಬಂದಾಗ ನಾನು ಅಡುಗೆಮನೆಯ ಬಾಗಿಲಲ್ಲಿ ಕೂತು ರಾಗಿ ಕೇರುತ್ತಿದ್ದೆ. 'ಬರವಣಿಗೆಗೆ ಸ್ಫೂರ್ತಿ ಎಲ್ಲಿಂದ ಬರುತ್ತದೆ, ಅದರ ಬಗ್ಗೆ ಒಂದಿಷ್ಟು ಹೇಳಿ' ಎಂದರು. ಆಗಲಿ ಎಂದೆ. ಫೋನು ಇಟ್ಟು, ಮೊರ ಕೊಡವಿ, ನಾಲ್ಕು ಕೇಜಿ ರಾಗಿಯನ್ನು ಚೀಲಕ್ಕೆ ಸುರಿದುಕೊಂಡು ಗಿರಣಿಗೆ ಹೊರಟೆ. ಅರ್ಧ ದಾರಿಯಲ್ಲಿ ಹೊಳೆಯಿತು, ಅವರು ಕೇಳಿದ್ದಕ್ಕೆ ನನ್ನಲ್ಲಿರುವ ಉತ್ತರ ಇದೇ ದಾರಿಯ ಕೊನೆಗಿದೆಯಲ್ಲ ಅಂತ. ಅದಕ್ಕೇ ಇವತ್ತು ನಿಮ್ಮನ್ನು ಗಿರಣಿಗೇ ಕರೆದುಕೊಂಡು ಹೋಗುತ್ತೇನೆ.

ನಮ್ಮ ಬೀದಿಯ ಹಿಟ್ಟಿನ ಗಿರಣಿಯನ್ನು ನೀವು ನೋಡಿರಲಾರಿರಿ. ನಿಮ್ಮ ಬೀದಿಯದನ್ನು ನೋಡಿದ್ದರೆ ಸಾಕು, ಎರಡೂ ಒಂದೇ. ಗೋಡೆ, ಸೂರು, ಬಲ್ಬು, ಗಿರಣಿಯವನ ಹುಬ್ಬು, ಎಲ್ಲದರ ಮೇಲೂ ಹಿಟ್ಟು. ಒಳಗೆ ಎರಡು ಯಂತ್ರ, ಮೂಲೆಯಲ್ಲಿ ಖಾರದಪುಡಿಗೆ ಬೇರೆಯದೇ ಒಂದು. ಎಣ್ಣೆ ಡಬ್ಬ, ಬಕೆಟ್ಟು, ಯೂರಿಯಾ ಚೀಲ, ಹಳೆಯ ದಿಂಬಿನ ಗೌಸು, ಇವೆಲ್ಲ ನೆಲದ ಮೇಲೆ ಸಾಲಾಗಿ ಕೂತಿರುತ್ತವೆ. ಯಜಮಾನರ ಪರವಾಗಿ ಅವೇ ಸರದಿ ಕಾಯುತ್ತವೆ. ಆದರೂ ಯಾರೂ ಮನೆಗೆ ಹೋಗುವುದಿಲ್ಲ, ಯಾಕೆಂದರೆ ಅಲ್ಲೊಂದು ರಾಜಕೀಯವಿದೆ. ರಾಗಿ ಬೀಸಿದ ಬೆನ್ನಿಗೇ ಗೋಧಿ ಹಾಕಿದರೆ ಗೋಧಿಹಿಟ್ಟಿಗೆ ಕಪ್ಪು ತಗಲುತ್ತದೆ. ಹಾಗಾಗಿ ಗೋಧಿಯವರು ರಾಗಿಯವರ ಹಿಂದೆ ನಿಲ್ಲಲು ಒಪ್ಪುವುದಿಲ್ಲ, ರಾಗಿಯವರು ಮುಂದಿನ ಜಾಗ ಬಿಟ್ಟುಕೊಡಲು ಒಪ್ಪುವುದಿಲ್ಲ. ಸಾಲು ಮುರಿಯುತ್ತದೆ, ಮತ್ತೆ ಕೂಡುತ್ತದೆ. ಅಷ್ಟರಲ್ಲಿ ಮಾತು ಬೆಳೆದಿರುತ್ತದೆ.

ಯಂತ್ರದ ಸದ್ದಿಗೆ ಅಲ್ಲಿ ಎಲ್ಲರೂ ಕೂಗಿಯೇ ಮಾತಾಡಬೇಕು. ಕಿವಿಯಲ್ಲಿ ಹೇಳಬೇಕಾದ್ದನ್ನೂ ಕೂಗುತ್ತಾರೆ. ಒಂದು ಸಲ ಹೀಗೆ ಕೂಗಾಟದ ಮಧ್ಯೆ ಕರೆಂಟು ಹೋಯಿತು. ಯಂತ್ರ ಗಕ್ಕನೆ ನಿಂತಿತು. ಒಬ್ಬ ಹೆಂಗಸಿನ ಅರ್ಧ ಮಾತು ಮಾತ್ರ ನಿಲ್ಲದೆ ಹೊರಬಿತ್ತು: "ಕೊಟ್ರೆ ತಾನೆ ನಾನು ಬಾಗ್ಲು ತೆಗಿಯೋದು!" ಎಲ್ಲರೂ ತಿರುಗಿ ನೋಡಿದರು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಸುಮ್ಮನಾದಳು. ಯಾರು ಏನು ಕೊಡಬೇಕಿತ್ತು? ಬಾಗಿಲು ಯಾರಿಗೆ? ಬಾಕಿ ಬಾಡಿಗೆಯೋ, ಗಂಡ ಒತ್ತೆಯಿಟ್ಟ ಓಲೆಯೋ, ಅಳಿಯನ ಮನೆಯ ಜಗಳವೋ? ಕರೆಂಟು ಬರುವುದರೊಳಗೆ ನನ್ನ ತಲೆಯಲ್ಲಿ ಮೂರು ಕತೆ ಕಟ್ಟಿದ್ದವು. ಕರೆಂಟು ಬಂತು, ಆಕೆ ಮತ್ತೆ ಕೂಗತೊಡಗಿದಳು, ಆಗ ಗೊತ್ತಾಯಿತು. ಕೊಡಬೇಕಾದ್ದು ಹಾಲಿನ ಸಂಘದ ಬೀಗದ ಕೈ. ಅಷ್ಟೇ ವಿಷಯ. ಬೀಗದ ಕೈ ಆಕೆಗೆ ಸಿಕ್ಕಿತೋ ಇಲ್ಲವೋ, ಮೂರರಲ್ಲಿ ಒಂದು ಕತೆ ಮಾತ್ರ ನನಗೆ ದಕ್ಕಿತು.

ಇನ್ನೊಂದು ದಿನ. ಒಬ್ಬ ಅಜ್ಜಿ ಚಿಕ್ಕ ಸ್ಟೀಲು ಡಬ್ಬ ತಂದರು. ಗಿರಣಿಯವನು ಅದನ್ನು ನೋಡಿ, "ಎರಡು ಕೇಜಿಗಿಂತ ಕಮ್ಮಿ ಹಾಕಲ್ಲಜ್ಜಿ, ಮಿಷಿನ್ನಿಗೇ ಅಂಟ್ಕೊಂಡೋಯ್ತದೆ" ಅಂದ. ಅಜ್ಜಿ ಹೇಳಿದರು, "ನಮ್ಮನೇಲಿ ರಾಗಿ ತಿನ್ನೋಳು ಈಗ ನಾನೊಬ್ಳೇ ಕಣಪ್ಪ. ಒಂದು ಸೇರು ಬೀಸಿಸಿದ್ರೆ ಹುಳ ಬೀಳೋ ತಂಕ ಬತ್ತದೆ." ಆಮೇಲೆ ಒಂದು ಗಳಿಗೆ ಬಿಟ್ಟು, "ಯಾರ್ದಾರ ಜೊತೇಲಿ ಸೇರ್ಸಿ ಬೀಸು. ಹಿಟ್ಟಿನ್ ಮ್ಯಾಲೇನು ಹೆಸ್ರು ಬರ್ದಿರ್ತದಾ?" ಅಂದರು. ಸಾಲಿನಲ್ಲಿ ಮುಂದೆ ಇದ್ದದ್ದು ನನ್ನ ಚೀಲ. ಸೇರಿಸಿ ಎಂದೆ. ಈ ಅಜ್ಜಿಯನ್ನು ಇಲ್ಲೇ ಕೂರಿಸಿ ಬರುತ್ತೇನೆ, ಕೊನೆಗೆ ಮತ್ತೆ ಬೇಕಾಗುತ್ತಾರೆ.

ಗಿರಣಿ ಬರುವ ಮುಂಚೆ ಈ ಸೀಮೆಯಲ್ಲಿ ಮನೆಮನೆಗೂ ರಾಗಿಕಲ್ಲು ಇತ್ತು. ನಮ್ಮಜ್ಜಿಯ ಮನೆಯಲ್ಲಿ ಅದು ನಡುಮನೆಯ ಮೂಲೆಯಲ್ಲಿತ್ತು. ಕೋಳಿ ಕೂಗುವ ಹೊತ್ತಿಗೆ ಇಬ್ಬರು ಹೆಂಗಸರು ಎದುರುಬದುರು ಕಾಲು ಚಾಚಿ ಕೂತು ಒಂದೇ ಗೂಟ ಹಿಡಿದು ತಿರುಗಿಸುವರು. ಒಬ್ಬಳು ಹಾಡುವಳು, ಇನ್ನೊಬ್ಬಳು ಎತ್ತಿಕೊಳ್ಳುವಳು. ಕಲ್ಲಿನ ಗರಗರವೇ ಶ್ರುತಿ. ಬೀಸುವ ಪದಗಳು ಹೆಚ್ಚಾಗಿ ತ್ರಿಪದಿಯಲ್ಲಿವೆ. ಹಾಡುವಾಗ ನಡುವಿನ ಸಾಲು ಮರಳಿ ಮರಳಿ ಬರುತ್ತದೆ. ಯಾಕೆ ಹಾಗೆ ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ಕಟ್ಟುವವಳಿಗೆ ಮುಂದಿನ ಸಾಲು ಹೊಂಚಿಕೊಳ್ಳಲು ಕಲ್ಲು ಒಂದು ಸುತ್ತು ಬರುವಷ್ಟು ಬಿಡುವು ಬೇಕಲ್ಲ, ಅದಕ್ಕೇ ಇರಬೇಕು ಎಂಬುದು ನನ್ನ ಊಹೆ. ಪಂಡಿತರು ಒಪ್ಪದಿದ್ದರೆ ಬೇಡ.

ಬಿಜಾಪುರ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ ಮೊದಲಾದ ಗೆಳೆಯರು ಇಂಥ ಪದಗಳನ್ನು ಕೇಳಿ ಬರೆದುಕೊಂಡರು. 'ಗರತಿಯ ಹಾಡು' ಎಂಬ ಸಂಕಲನ ಹೊರಬಂದದ್ದು 1930ರ ದಶಕದ ಮೊದಲಲ್ಲಿ. ಅದರಲ್ಲಿ ತವರಿದೆ, ಅಣ್ಣತಮ್ಮಂದಿರಿದ್ದಾರೆ, ತೊಟ್ಟಿಲ ಕೂಸಿದೆ, ಕಟ್ಟಿದವಳ ಹೆಸರು ಮಾತ್ರ ಇಲ್ಲ. ಆ ಹೆಂಗಸರನ್ನು ಯಾರೂ ರೇಡಿಯೋಕ್ಕೆ ಕರೆಸಿ ನಿಮಗೆ ಸ್ಫೂರ್ತಿ ಎಲ್ಲಿಂದ ಬಂತಮ್ಮ ಎಂದು ಕೇಳಲಿಲ್ಲ. ಕೇಳಿದ್ದರೆ, ಬೀಸೋದು ಮುಗೀಬೇಕಿತ್ತು, ಹಾಡಿದೆವು ಎನ್ನುತ್ತಿದ್ದರೇನೋ. ಈಗ ಕಲ್ಲಿನ ಕೆಲಸವನ್ನು ಯಂತ್ರ ವಹಿಸಿಕೊಂಡಿದೆ. ಹಾಡು ಹೋಯಿತು ಎಂದು ಹಳಹಳಿಸುವವರ ಜೊತೆ ನಾನಿಲ್ಲ. ಹಾಡಿದ್ದ ಜಾಗದಲ್ಲಿ ಸಾಲಿನ ಮಾತು ಬಂದು ಕೂತಿದೆ, ಅದನ್ನು ಬರೆದುಕೊಳ್ಳುವ ಹಲಸಂಗಿಯವರು ಕಡಿಮೆಯಾಗಿದ್ದಾರೆ ಅಷ್ಟೆ.

ಸ್ಫೂರ್ತಿ ಎಂಬ ಮಾತೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಮಿಂಚಿನ ಹಾಗೆ ಬರುತ್ತದೆ, ಬಂದಾಗ ಬೆಟ್ಟದ ಮೇಲೋ ಸಮುದ್ರದ ದಂಡೆಯಲ್ಲೋ ಇರಬೇಕು ಎಂದು ಕಾಯುತ್ತಾ ಕೂರುವವರನ್ನು ಬಹಳ ನೋಡಿದ್ದೇನೆ. ಹನ್ನೊಂದನೆಯ ಶತಮಾನದ ಕಾಶ್ಮೀರದ ಮಮ್ಮಟ ಕಾವ್ಯ ಹುಟ್ಟುವುದಕ್ಕೆ ಏನೇನು ಬೇಕು ಎಂದು ಪಟ್ಟಿ ಕೊಟ್ಟ. ಹುಟ್ಟಿನಿಂದ ಬಂದ ಶಕ್ತಿ ಬೇಕು, ಬಲ್ಲವರಿಂದ ಕಲಿತ ಅಭ್ಯಾಸ ಬೇಕು, ನಿಪುಣತೆಯೂ ಬೇಕು ಎಂದ. ಆ ನಿಪುಣತೆ ಯಾವುದನ್ನು ನೋಡಿ ಬರುತ್ತದೆ ಎನ್ನುವಾಗ ಲೋಕ, ಶಾಸ್ತ್ರ, ಕಾವ್ಯ ಎಂಬ ಕ್ರಮದಲ್ಲಿ ಹೇಳಿದ. ಲೋಕ ಮೊದಲು. ಅಲಂಕಾರಶಾಸ್ತ್ರದ ಪಂಡಿತನೇ ಶಾಸ್ತ್ರವನ್ನು ಎರಡನೆಯ ಮಣೆಗೆ ಕೂರಿಸಿದ್ದು ನನಗೆ ಬಲು ಇಷ್ಟ. ನಮ್ಮ ವಚನಕಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ರೆಮ್ಮವ್ವೆ ನೂಲುವವಳು, ಕದಿರನ್ನು ಅಂಕಿತದಲ್ಲೇ ಇಟ್ಟುಕೊಂಡಳು. ಚೌಡಯ್ಯ ದೋಣಿ ನಡೆಸುವವನು, 'ಅಂಬಿಗರ ಚೌಡಯ್ಯ' ಎಂಬ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ.

ನಮ್ಮ ಕಾಲದ ಕಡೆಗೆ ಬರೋಣ. ದೇವನೂರ ಮಹಾದೇವರ 'ಒಡಲಾಳ' ಶುರುವಾಗುವುದು ಸಾಕವ್ವನ ಹುಂಜ ಕಳೆದುಹೋಗುವುದರಿಂದ. ಹಳ್ಳಿಯಲ್ಲಿ ಕೋಳಿ ಕಳೆಯುವುದಕ್ಕಿಂತ ಸಾಮಾನ್ಯವಾದ ಸುದ್ದಿ ಇನ್ನೇನಿದೆ? ಆ ಹುಂಜವನ್ನು ಹುಡುಕುತ್ತಾ ಹೊರಟ ಕತೆ ಹಸಿವಿನೊಳಕ್ಕೆ, ಒಂದು ರಾತ್ರಿ ಮನೆಮಂದಿಯೆಲ್ಲ ಕೂತು ಕಡಲೆಕಾಯಿ ತಿನ್ನುವ ಸಡಗರದೊಳಕ್ಕೆ, ಬೆಳಗ್ಗೆ ಬಾಗಿಲಿಗೆ ಬಂದು ನಿಲ್ಲುವ ಪೊಲೀಸರ ತನಕ ಹೋಗುತ್ತದೆ. ತೇಜಸ್ವಿಯವರ 'ಕರ್ವಾಲೊ' ನೋಡಿ. ಜೇನಿನ ವಿಷಯದಿಂದ ಹೊರಟದ್ದು ಹಾರುವ ಓತಿಯನ್ನು ಅಟ್ಟಿಸಿಕೊಂಡು ಕಾಡು ಹೊಕ್ಕುತ್ತದೆ. ವಿವೇಕ ಶಾನಭಾಗರ 'ಘಾಚರ್ ಘೋಚರ್' 2013ರದು. ಆ ಎರಡು ಶಬ್ದ ಯಾವ ನಿಘಂಟಿನಲ್ಲೂ ಸಿಗುವುದಿಲ್ಲ. ಬಿಡಿಸಲಾಗದಂತೆ ಸಿಕ್ಕಾದದ್ದಕ್ಕೆ ಒಂದು ಮನೆಯವರು ತಮ್ಮೊಳಗೇ ಇಟ್ಟುಕೊಂಡ ಹೆಸರು ಅದು. ಇಂಥ ಮಾತು ಇಲ್ಲದ ಮನೆಯೇ ಇಲ್ಲ. ನಮ್ಮ ಮನೆಯಲ್ಲಿ, ಬಂದ ನೆಂಟರು ಏಳುವ ಲಕ್ಷಣ ಕಾಣದಿದ್ದರೆ ಒಳಗಿನಿಂದ 'ಹಾಲು ಉಕ್ಕಲಿಲ್ಲ' ಎನ್ನುತ್ತಿದ್ದರು. ಒಲೆಯ ಮೇಲೆ ಹಾಲೇ ಇರುತ್ತಿರಲಿಲ್ಲ.

ಎಂ. ಕೆ. ಇಂದಿರಾ ಅವರದು ಬೇರೆ ಬಗೆ. ತೀರ್ಥಹಳ್ಳಿ ಕಡೆಯವರು. ಬರೆಯಲು ಶುರುಮಾಡಿದ್ದೇ ನಲವತ್ತೈದರ ಆಸುಪಾಸಿನಲ್ಲಿ. 'ಫಣಿಯಮ್ಮ' ಬಾಲ್ಯದಲ್ಲೇ ವಿಧವೆಯಾದ ಒಬ್ಬ ನಿಜವಾದ ಹೆಂಗಸಿನ ಬದುಕು. ಆಕೆ ಇಂದಿರಾ ಅವರ ತಾಯಿಗೆ ಹೇಳಿಕೊಂಡದ್ದು, ತಾಯಿಯಿಂದ ಮಗಳ ಕಿವಿಗೆ ಬಿದ್ದದ್ದು, 1976ರಲ್ಲಿ ಕಾದಂಬರಿಯಾಯಿತು. ಆಮೇಲೆ ಪ್ರೇಮಾ ಕಾರಂತರು ಅದನ್ನು ಸಿನಿಮಾ ಮಾಡಿದರು. ಅಡುಗೆಮನೆಯಲ್ಲಿ ಒಬ್ಬರು ಇನ್ನೊಬ್ಬರಿಗೆ ಹೇಳಿದ ಮಾತು ಅಷ್ಟು ದಿನ ಕಾದಿತ್ತು. ಇನ್ನೂ ನಲವತ್ತಾಗಿಲ್ಲ, ಆಗಲೇ ಬರೆಯುವ ವಯಸ್ಸು ಹೋಯಿತು ಎಂದು ನಿಟ್ಟುಸಿರು ಬಿಡುವವರಿಗೆ ನಾನು ಮೊದಲು ಹೇಳುವ ಹೆಸರು ಇಂದಿರಾ ಅವರದು.

ಆದರೆ ಕೇಳಿದ್ದನ್ನೆಲ್ಲ ಬರೆಯಬಹುದೇ? ಇದು ಸುಲಭದ ಪ್ರಶ್ನೆಯಲ್ಲ. ಕುಂದಾಪುರದ ಜಾನಕಿ ಎಂಬ ಹುಡುಗಿ 'ಸುಧಾ' ವಾರಪತ್ರಿಕೆಗೆ ಒಂದು ಕತೆ ಕಳಿಸಿದರು. ಕಳಿಸಿದ ಮೇಲೆ, ಇದು ನಿಜವಾಗಿ ನಡೆದದ್ದು, ಅಚ್ಚು ಹಾಕಬೇಡಿ ಎಂದು ಕೇಳಿಕೊಂಡರು. ಸಂಪಾದಕರು ಕತೆ ಬಿಡಲಿಲ್ಲ, ಬರೆದವರ ಹೆಸರನ್ನು ಬದಲಾಯಿಸಿಬಿಟ್ಟರು. ವೈದೇಹಿ ಎಂಬ ಹೆಸರು ಕನ್ನಡಕ್ಕೆ ಬಂದದ್ದು ಹಾಗೆ. 2009ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಆ ಹೆಸರಿಗೇ ಬಂತು. ನನಗೆ ಈ ಪ್ರಸಂಗದಲ್ಲಿ ಮನಸ್ಸು ತಾಕುವುದು ಆ ಹುಡುಗಿಯ ಅಳುಕು. ನಿಜವಾದ ಜನರ ಬದುಕನ್ನು ಮುಟ್ಟುವಾಗ ಅಷ್ಟು ಅಳುಕು ಇರಲೇಬೇಕು.

ನನಗೆ ಆ ಅಳುಕು ಇರಲಿಲ್ಲ, ಪೆಟ್ಟು ತಿಂದು ಬಂತು. ಹದಿನೈದು ಇಪ್ಪತ್ತು ವರ್ಷದ ಹಿಂದಿನ ಮಾತು. ನಮ್ಮ ಪಕ್ಕದ ಮನೆಯ ಗೃಹಿಣಿಯೊಬ್ಬರು ಸಂಜೆಹೊತ್ತು ಕಾಂಪೌಂಡಿನ ಆಚೆ ನಿಂತು ತಮ್ಮ ಅತ್ತೆಯ ಕತೆ ಹೇಳುತ್ತಿದ್ದರು. ನಾನು ಅದನ್ನು ಕತೆ ಮಾಡಿ ಒಂದು ಮಾಸಪತ್ರಿಕೆಗೆ ಕೊಟ್ಟೆ. ಬಹಳ ಜಾಣತನ ಮಾಡಿದ್ದೆ ಅಂದುಕೊಂಡಿದ್ದೆ. ಹೆಸರು ಬದಲಾಯಿಸಿದ್ದೆ, ಊರು ಬದಲಾಯಿಸಿದ್ದೆ, ಇಬ್ಬರು ಮಕ್ಕಳನ್ನು ಮೂವರು ಮಾಡಿದ್ದೆ. ಪತ್ರಿಕೆ ಬಂದ ವಾರಕ್ಕೆ ಅವರು ಅದನ್ನು ಸುತ್ತಿ ಕೈಯಲ್ಲಿ ಹಿಡಿದುಕೊಂಡು ಕಾಂಪೌಂಡಿನ ಹತ್ತಿರ ಬಂದರು. "ನನ್ನ ಮಾತು ನನಗೇ ಗೊತ್ತಾಗಲ್ವಾ ಮೇಷ್ಟ್ರೇ?" ಎಂದರು. ಎಲ್ಲ ಬದಲಾಯಿಸಿದವನು ಅವರು ಆಡಿದ್ದ ಒಂದು ಮಾತನ್ನು ಇದ್ದಂತೆಯೇ ಬಿಟ್ಟಿದ್ದೆ. ಕತೆಯಲ್ಲಿ ಚೆನ್ನಾಗಿದ್ದದ್ದು ಅದೊಂದೇ, ಬಿಡಲು ಮನಸ್ಸಾಗಿರಲಿಲ್ಲ. ನಾನು ತಲೆ ತಗ್ಗಿಸಿ ನಿಂತೆ. ಅವರು ಪುಟ ತೆಗೆದು ಬೆರಳಿಟ್ಟು ತೋರಿಸಿದರು. "ಬರ್ದಿದ್ದು ಬರ್ದಿರಿ. ಆದ್ರೆ ಇದೇನಿದು? ನಮ್ಮತ್ತೆ ಆವತ್ತು ಮಾಡಿದ್ದು ಬಸ್ಸಾರು. ನೀವು ಸಾಂಬಾರು ಅಂತ ಬರ್ದಿದ್ದೀರಿ."

ನನಗೆ ಆ ಹೊತ್ತು ನಾಚಿಕೆಯಾಯಿತು, ಅರ್ಥವಾಗಲಿಲ್ಲ. ರಾತ್ರಿ ಮಲಗಿದಾಗ ಅರ್ಥವಾಯಿತು. ಬಸ್ಸಾರಿಗೆ ಸೊಪ್ಪು ಕಾಳು ಬೇಯಿಸಿ ನೀರು ಬಸಿಯುತ್ತಾರೆ. ಬಸಿದ ಕಟ್ಟು ಸಾರಾಗುತ್ತದೆ, ಸೊಪ್ಪು ಕಾಳು ಪಲ್ಯವಾಗುತ್ತದೆ. ಒಂದೇ ಪಾತ್ರೆಯಿಂದ ಎರಡು. ಅವರ ಅತ್ತೆ ಆವತ್ತು ಸಾರನ್ನು ಸೊಸೆಗೆ ಬಡಿಸಿ ಪಲ್ಯವನ್ನು ಮಗನಿಗೆ ಎತ್ತಿಟ್ಟಿದ್ದರು. ಜಗಳ ಇದ್ದದ್ದೇ ಅಲ್ಲಿ. ನಾನು ಸಾಂಬಾರು ಎಂದು ಬರೆದು ಇಡೀ ಜಗಳದ ಬುಡವನ್ನೇ ಕಿತ್ತಿದ್ದೆ. ಅದೇ ಹೊತ್ತಿಗೆ ಕತೆ ಚೆನ್ನಾಗಿದೆ ಎಂದು ಇಬ್ಬರು ಓದುಗರು ಪತ್ರ ಬರೆದಿದ್ದರು. ಆ ಪತ್ರಗಳು ಎಲ್ಲಿ ಹೋದವೋ ಗೊತ್ತಿಲ್ಲ, ಬಸ್ಸಾರು ಮಾತ್ರ ಮರೆತಿಲ್ಲ. ಅಂದಿನಿಂದ, ಯಾರದಾದರೂ ಬದುಕಿನಿಂದ ತೆಗೆದುಕೊಂಡರೆ ಅವರಿಗೇ ಮೊದಲು ಓದಿ ಹೇಳುತ್ತೇನೆ. ಬೇಡ ಎಂದರೆ ಬಿಡುತ್ತೇನೆ. ಹೀಗೆ ಬಿಟ್ಟವು ಎರಡು ಕತೆ. ಹೊಟ್ಟೆ ಉರಿಯುತ್ತದೆ, ಆದರೂ ಬಿಟ್ಟಿದ್ದೇನೆ.

ಈ ಸ್ಟುಡಿಯೋ ಒಂದು ತಮಾಷೆಯ ಜಾಗ. ಹೊರಗಿನ ಒಂದು ಸದ್ದೂ ಒಳಗೆ ಬಾರದ ಹಾಗೆ ಗೋಡೆಗೆಲ್ಲ ಮೆತ್ತೆ ಹೊಡೆದಿದ್ದಾರೆ. ಕಿವಿಗೊಟ್ಟು ಕೇಳಿ ಎಂದು ಹೇಳಲು ಬಂದವನನ್ನು ಏನೂ ಕೇಳಿಸದ ಕೋಣೆಯಲ್ಲಿ ಕೂರಿಸಿದ್ದಾರೆ. ಮೈಸೂರಿನಲ್ಲಿ 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರುಮಾಡಿದರಲ್ಲ, ಆ ಮನೆಯಲ್ಲಿ ಭಾಷಣ ಮಾಡಿದವರ ಹಿಂದೆ ಒಂದು ಕಾಗೆಯ ಕೂಗು, ಒಂದು ಜಟಕಾ ಗಾಡಿಯ ಸದ್ದು ಸೇರಿ ಹೋಗುತ್ತಿತ್ತೇನೋ ಎಂದು ಊಹಿಸಿಕೊಳ್ಳುವುದು ನನಗೆ ಖುಷಿ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟೆ. ಮೊದಮೊದಲು ನಾನೂ ಎಲ್ಲರಂತೆ ಪ್ರಬಂಧ ಬರೆಸುತ್ತಿದ್ದೆ. ಮಳೆಗಾಲದ ಮೇಲೆ ಬರೆಯಿರಿ ಎಂದರೆ ಐವತ್ತು ಪುಸ್ತಕಗಳಲ್ಲೂ ಕಪ್ಪೆಗಳು ವಟಗುಟ್ಟುತ್ತಿದ್ದವು, ರೈತನ ಮುಖದಲ್ಲಿ ಮಂದಹಾಸ ಮೂಡುತ್ತಿತ್ತು. ಅವರಲ್ಲಿ ಅರ್ಧ ಜನ ರೈತರ ಮಕ್ಕಳು. ಅಪ್ಪನ ಮುಖದ ಮಂದಹಾಸವನ್ನು ಎಷ್ಟು ಜನ ಕಂಡಿದ್ದರೋ! ಒಂದು ವರ್ಷ ಬೇಸತ್ತು, ಪ್ರಬಂಧ ಬೇಡ, ದಿನಕ್ಕೆ ಒಂದೇ ಒಂದು ಮಾತು ಬರೆದು ತನ್ನಿ ಎಂದೆ. ಮನೆಯಲ್ಲೋ, ಬಸ್ಸಿನಲ್ಲೋ, ನಲ್ಲಿಯ ಹತ್ತಿರವೋ ಕಿವಿಗೆ ಬಿದ್ದದ್ದು. ಅರ್ಥ ಬರೆಯಬಾರದು, ನೀತಿ ಬರೆಯಬಾರದು, ಅವರು ಆಡಿದ ಹಾಗೇ ಬರೆಯಬೇಕು. ಮೊದಲ ವಾರ ಗಾದೆ ತಂದರು. ಗಾದೆ ಬೇಡ ಎಂದೆ. ಎರಡನೆಯ ವಾರ ಸಿನಿಮಾ ಡೈಲಾಗು ತಂದರು. ಅದೂ ಬೇಡ ಎಂದೆ. ಮೂರನೆಯ ವಾರ, ಯಾವಾಗಲೂ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ ಒಬ್ಬ ಹುಡುಗಿ ಹೀಗೆ ಬರೆದಿದ್ದಳು: 'ನಮ್ಮಪ್ಪ ಇವತ್ತು ಎರಡು ಸಲ ಹೂಂ ಅಂದರು.' ನಾನು ಆ ಪುಸ್ತಕವನ್ನು ಹಿಡಿದುಕೊಂಡು ಬಹಳ ಹೊತ್ತು ಕೂತೆ. ಎಷ್ಟು ದಿನದ ಮೇಲೆ ಹೂಂ ಅಂದರು? ಯಾವುದಕ್ಕೆ? ಅದನ್ನು ಎಣಿಸಿಕೊಂಡ ಮಗಳು ಎಂಥವಳು? ಇಪ್ಪತ್ತಕ್ಕೆ ಹತ್ತೊಂಬತ್ತು ಕೊಟ್ಟೆ. ಒಂದು ಅಂಕ ಯಾಕೆ ಹಿಡಿದೆ ಎಂದು ಈಗ ನೆನೆದರೆ ನನಗೇ ತಿಳಿಯುವುದಿಲ್ಲ.

ನೀವು ಬರೆಯುವವರಾದರೆ, ಇಲ್ಲವೇ ಬರೆಯಬೇಕು ಎಂಬ ಆಸೆ ಇಟ್ಟುಕೊಂಡವರಾದರೆ, ನನಗೆ ಉಪಯೋಗಕ್ಕೆ ಬಂದ ಒಂದು ಅಭ್ಯಾಸ ಹೇಳುತ್ತೇನೆ. ಅಂಗಿಯ ಜೇಬಿನಲ್ಲಿ ಹಿಡಿಯುವಂಥ ಪುಸ್ತಕ ಇಟ್ಟುಕೊಳ್ಳಿ. ಏನು ನಡೆಯಿತು ಎಂದು ಬರೆಯಲು ಹೋಗಬೇಡಿ, ಏನೆಂದರು ಎಂದು ಬರೆಯಿರಿ. ಮೊಬೈಲಿನಲ್ಲಿ ರೆಕಾರ್ಡು ಮಾಡಿಕೊಳ್ಳಬಹುದಲ್ಲ ಎನ್ನುತ್ತಾರೆ ನಮ್ಮ ಹುಡುಗರು. ಒಪ್ಪಿಗೆಯಿಲ್ಲದೆ ಇನ್ನೊಬ್ಬರ ದನಿ ಹಿಡಿಯುವುದು ಸರಿಯಲ್ಲ, ಅದು ಹಾಗಿರಲಿ. ಯಂತ್ರ ಎಲ್ಲವನ್ನೂ ಹಿಡಿಯುತ್ತದೆ. ಮನೆಗೆ ಬರುವಷ್ಟರಲ್ಲಿ ಹತ್ತು ಮಾತು ಮರೆತು ಒಂದು ಉಳಿದಿದ್ದರೆ, ಆ ಒಂದನ್ನು ಆರಿಸಿದ್ದು ನೀವು. ನಮ್ಮಮ್ಮ ಪುಸ್ತಕವನ್ನೂ ಇಟ್ಟುಕೊಂಡವಳಲ್ಲ. ಗೋಡೆಯ ಕ್ಯಾಲೆಂಡರಿನ ಚೌಕಗಳಲ್ಲೇ ಹಾಲಿನ ಲೆಕ್ಕ, ಗ್ಯಾಸು ಹಚ್ಚಿದ ದಿನ, ಅಣ್ಣ ಬಂದು ಹೋದದ್ದು ಎಲ್ಲ ಬರೆಯುತ್ತಿದ್ದಳು. ಅವಳು ಹೋದ ಮೇಲೆ ಹಳೆಯ ಹಾಳೆಗಳನ್ನು ತೆಗೆದು ನೋಡಿದೆ. ಒಂದು ಆಗಸ್ಟಿನಲ್ಲಿ ಒಂಬತ್ತು ಚೌಕ ಖಾಲಿ. ಹತ್ತನೆಯದರಲ್ಲಿ 'ಹಾಲು ಅರ್ಧ' ಅಂತ ಇದೆ. ಅದಕ್ಕೆ ಮುಂಚೆ ಯಾವಾಗಲೂ ಒಂದು ಲೀಟರು. ಅದು ಅಪ್ಪ ತೀರಿಕೊಂಡ ತಿಂಗಳು.

ಸರಿ, ಗಿರಣಿಯಲ್ಲಿ ಕೂರಿಸಿ ಬಂದ ಅಜ್ಜಿಯ ಹತ್ತಿರ ಹೋಗೋಣ. ನನ್ನ ನಾಲ್ಕು ಕೇಜಿ, ಅವರ ಒಂದು ಸೇರು ಸೇರಿಸಿ ಬೀಸಿದರು. ಗಿರಣಿಯವನು ಅವರ ಪಾಲನ್ನು ತಕ್ಕಡಿಯಲ್ಲಿ ತೂಗಿ ಡಬ್ಬಕ್ಕೆ ಹಾಕಿದ. ಅಜ್ಜಿ ಬಿಸಿ ಹಿಟ್ಟನ್ನು ಚಿಟಿಕೆ ತೆಗೆದು ಅಂಗೈಯಲ್ಲಿ ತಿಕ್ಕಿ ನೋಡಿ, "ನಿಮ್ ರಾಗಿ ವಸಿ ಕೆಂಪು" ಎಂದು ಹೇಳಿ ಹೊರಟರು. ಇದನ್ನು ಕತೆ ಮಾಡಲು ನಾಲ್ಕು ಸಲ ಕೂತಿದ್ದೇನೆ. ನಾಲ್ಕು ಸಲವೂ ಕೊನೆಯಲ್ಲಿ ಹಿಟ್ಟು ಬೆರೆತ ಹಾಗೆ ಮನಸ್ಸು ಬೆರೆಯಿತು ಎಂಬಂಥ ಸಿನಿಮಾ ಸಾಲು ಬಂದು ಕೂತುಬಿಡುತ್ತದೆ. ಹರಿದು ಹಾಕಿದ್ದೇನೆ. ನಮ್ಮಿಬ್ಬರ ಮನಸ್ಸು ಬೆರೆಯಲೇ ಇಲ್ಲ. ನನ್ನ ರಾಗಿ ಅವರಿಗೆ ಅಷ್ಟೇನೂ ಹಿಡಿಸಲಿಲ್ಲ, ಅದು ನಿಜ. ಆ ಮನೆಯಲ್ಲಿ ಉಳಿದವರು ಏನು ತಿನ್ನುತ್ತಾರೆ, ಅಜ್ಜಿ ತನಗೊಬ್ಬಳಿಗೇ ಮುದ್ದೆ ತಿರುವುವ ಹೊತ್ತಿಗೆ ಅಡುಗೆಮನೆಯಲ್ಲಿ ಇನ್ಯಾರು ಇರುತ್ತಾರೆ ಎಂಬುದು ನನಗಿನ್ನೂ ಗೊತ್ತಿಲ್ಲ.

ಅಜ್ಜಿ ಗಿರಣಿಗೆ ಬರುವುದು ತಿಂಗಳ ಎರಡನೆಯ ಶನಿವಾರ. ನಾನೂ ಈಗ ಅದೇ ದಿನ ಹೋಗುತ್ತೇನೆ. ಈ ಸಲ ಬೇರೆ ಅಂಗಡಿಯ ರಾಗಿ ತಂದಿದ್ದೇನೆ, ಬಣ್ಣ ಸ್ವಲ್ಪ ಕಪ್ಪಗಿದೆ.